ಕ್ಷೌರದಂಗಡಿಯಲ್ಲಿ ಆರನೆಯ ಹಾಡು ಅರ್ಧಕ್ಕೆ ನಿಂತ ಬಗ್ಗೆ

ಹೆಸರು: ಗುರುತಿನ ಚೀಟಿಯಲ್ಲಿರುವುದನ್ನು ಠಾಣಾ ಬರಹಗಾರರು ಮೇಲಿನ ಖಾನೆಯಲ್ಲಿ ಬರೆದುಕೊಂಡಿದ್ದಾರೆ. ಬೀದಿಯವರು ನನ್ನನ್ನು ಕರೆಯುವುದು ನಾಳೆಯಣ್ಣ ಎಂದು. ಯಾರು ಗಡಿಯಾರ ಕೇಳಲು ಬಂದರೂ ನಾಳೆ ಕೊಡುತ್ತೇನೆ ಎನ್ನುವುದರಿಂದ ಈ ಹೆಸರು ಬಂದಿದೆ.
ವಯಸ್ಸು: 58 ವರ್ಷ.
ಉದ್ಯೋಗ: ಗಡಿಯಾರ ರಿಪೇರಿ, 31 ವರ್ಷಗಳಿಂದ.
ವಿಳಾಸ: ಅಡ್ಡಬೀದಿಯ ಎಡಗಡೆ ನಾಲ್ಕನೆಯ ಅಂಗಡಿ. ಮೂರನೆಯದು ಕ್ಷೌರದಂಗಡಿ. ನಡುವಿನ ಗೋಡೆಯ ದಪ್ಪ ನಾಲ್ಕೂವರೆ ಇಂಚು.

ಯಾರ ಬಲವಂತವೂ ಇಲ್ಲದೆ, ಠಾಣೆಯವರು ಕೊಡಿಸಿದ ಒಂದು ಲೋಟ ಚಹಾ ಬಿಟ್ಟರೆ ಬೇರೆ ಆಮಿಷವೂ ಇಲ್ಲದೆ, ನಾನು ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ:

ಕಳೆದ ಸೋಮವಾರ ಬೆಳಿಗ್ಗೆ 11 ಗಂಟೆ 26 ನಿಮಿಷಕ್ಕೆ ನಮ್ಮ ಬೀದಿಯಲ್ಲಿ ಕಾಲವು ನಿಂತುಹೋಯಿತು. ಮೂವತ್ತೊಂದು ವರ್ಷದಿಂದ ಕಾಲವನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಮತ್ತೆ ಕೂರಿಸುತ್ತಿರುವ ನಾನು ಇಂಥ ಮಾತನ್ನು ಹಗುರವಾಗಿ ಆಡುವವನಲ್ಲ. ನಿಂತದ್ದು ಒಂದು ಹಳೆಯ ಟೇಪ್ ರೆಕಾರ್ಡರ್ ಎಂಬುದನ್ನು ಬರಹಗಾರರ ಸೂಚನೆಯ ಮೇರೆಗೆ ಸ್ಪಷ್ಟಪಡಿಸುತ್ತಿದ್ದೇನೆ.

ಸದರಿ ಟೇಪ್ ರೆಕಾರ್ಡರ್ ಕ್ಷೌರದಂಗಡಿಯ ಮಾವನಿಗೆ ಸೇರಿದ್ದು. ಮಾವ ಎಂದರೆ ನನಗೆ ಹೆಣ್ಣು ಕೊಟ್ಟ ಮಾವನಲ್ಲ. ಬೀದಿಗೆಲ್ಲ ಅವರು ಮಾವ. ವಯಸ್ಸು 69. ನಲವತ್ತು ವರ್ಷದಿಂದ ಅದೇ ಕುರ್ಚಿಯ ಹಿಂದೆ ನಿಂತಿದ್ದಾರೆ. ಅವರ ಮೇಲೆ ಈಗ ಠಾಣೆಯಲ್ಲಿರುವ ದೂರು ಏನೆಂದರೆ, ಕರ್ತವ್ಯದ ಮೇಲೆ ಬಂದ ಒಬ್ಬ ಅಧಿಕಾರಿಯನ್ನು ಕುರ್ಚಿಗೆ ಕಟ್ಟಿಹಾಕಿ, ತಲೆಯ ಮೇಲೆ ಕಪ್ಪು ದ್ರವ ಸುರಿದು, ಅಳಿಸಿ, ಬಲವಂತವಾಗಿ ಹಾಡಿಸಿದರು ಎಂಬುದು. ಈ ದೂರು ಊರ್ಜಿತವಾದರೆ ಅಂಗಡಿಗೆ ಬೀಗ ಬೀಳುತ್ತದೆ. ಅಂಗಡಿಗೆ ಬೀಗ ಬಿದ್ದರೆ ಮಾವ ಎಲ್ಲಿ ನಿಲ್ಲಬೇಕು ಎಂಬುದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ದೂರಿನಲ್ಲಿ ಕಪ್ಪು ದ್ರವ, ಕಣ್ಣೀರು, ಹಾಡು ಈ ಮೂರೂ ನಿಜ. ಉಳಿದದ್ದು ನಿಜವಲ್ಲ. ಅದು ಹೇಗೆ ಎಂಬುದನ್ನು ಕ್ರಮವಾಗಿ ತಿಳಿಸುತ್ತೇನೆ.

ಮೊದಲು ಅಂಗಡಿಯ ಪದ್ಧತಿ. ಮಾವ ಎಲ್ಲ ಕೆಲಸವನ್ನೂ ಹಾಡಿನಲ್ಲಿ ಅಳೆಯುತ್ತಾರೆ. ಗಡ್ಡಕ್ಕೆ ಎರಡು ಹಾಡು, ಕಟಿಂಗಿಗೆ ನಾಲ್ಕು, ತಲೆಗೆ ಡೈ ಹಚ್ಚಿದರೆ ಏಳು. ಕ್ಯಾಸೆಟ್ಟು ಒಂದೇ. ಅದರ ಒಂದು ಮಗ್ಗುಲಿಗೆ ಏಳು ಹಾಡು. ಹಾಡುಗಳಿಗೆ ಮಾವ ತಮ್ಮದೇ ಹೆಸರು ಇಟ್ಟಿದ್ದಾರೆ: ಕೊಳಲಿನದು, ಗಂಡ-ಹೆಂಡಿರ ಜಗಳದ್ದು, ದೋಣಿಯದು, ಹೀಗೆ. ಇನ್ನೆಷ್ಟು ಹೊತ್ತು ಎಂದು ಗಿರಾಕಿ ಕೇಳಿದರೆ, ಜಗಳ ಮುಗಿಯಲಿ ಎಂಬ ಉತ್ತರ ಬರುತ್ತದೆ. ಗಿರಾಕಿಗೆ ಅರ್ಥವಾಗುತ್ತದೆ. ಇಡೀ ಬೀದಿಗೇ ಇದು ರೂಢಿ. ನನ್ನ ಅಂಗಡಿಯಲ್ಲಿ ನಲವತ್ತೆರಡು ಗಡಿಯಾರಗಳಿದ್ದು ಯಾವ ಎರಡೂ ಒಂದೇ ಸಮಯ ತೋರಿಸುವುದಿಲ್ಲವಾದ್ದರಿಂದ, ನಾನೂ ಗೋಡೆಗೆ ಕಿವಿ ಕೊಟ್ಟು ದೋಣಿಯ ಹಾಡು ಮೂರನೆಯ ಸಲ ಬಂದಾಗ ಊಟದ ಡಬ್ಬಿ ತೆರೆಯುತ್ತೇನೆ. ಈ ಹೇಳಿಕೆಯಲ್ಲಿನ ಸಮಯಗಳು ನನ್ನ ಕೈಗಡಿಯಾರದವು. ಅದನ್ನು ರಿಪೇರಿ ಮಾಡಿದ್ದು ಬೇರೆಯವರು, ಆದ್ದರಿಂದ ನಂಬಬಹುದು.

ಮಾವನ ಅಂಗಡಿಯ ಗೋಡೆಯಲ್ಲಿ ಗಡಿಯಾರವಿಲ್ಲ. ಒಂದು ಮೊಳೆ ಮತ್ತು ಅದರ ಕೆಳಗೆ ದುಂಡಗೆ ಬಿಳಿಚಿಕೊಂಡ ಜಾಗ ಇದೆ. ಅಲ್ಲಿದ್ದ ಗಡಿಯಾರವನ್ನು ಒಂಬತ್ತು ವರ್ಷದ ಹಿಂದೆ ರಿಪೇರಿಗೆ ಕೊಟ್ಟಿದ್ದರು. ಯಾರಿಗೆ ಕೊಟ್ಟಿದ್ದರು ಎಂದು ಬರಹಗಾರರು ಕೇಳಿದರು. ಉತ್ತರವನ್ನು ಅವರ ಊಹೆಗೆ ಬಿಟ್ಟಿದ್ದೇನೆ.

ಸೋಮವಾರ 10 ಗಂಟೆ 40 ನಿಮಿಷಕ್ಕೆ ನಾನು ಗಡ್ಡ ಮಾಡಿಸಲು ಹೋದೆ. ಬೆಂಚಿನ ಮೇಲೆ ನನಗಿಂತ ಮೊದಲೇ ಶಾಲಾ ವ್ಯಾನಿನ ಡ್ರೈವರ್ ಕೂತಿದ್ದರು. ಎರಡನೆಯ ಕುರ್ಚಿಯಲ್ಲಿ ಮಕ್ಕಳಿಗೆ ಕಟಿಂಗ್ ಮಾಡುವ ಮಾವನ ಮಗಳು ಬ್ಲೇಡು, ಪೌಡರು ತರಲು ಪೇಟೆಗೆ ಹೋಗಿದ್ದಳು. ಇದ್ದಿದ್ದರೆ ಈ ಹೇಳಿಕೆಯೇ ಬೇಕಾಗುತ್ತಿರಲಿಲ್ಲ.

10 ಗಂಟೆ 46 ನಿಮಿಷಕ್ಕೆ ಸುಮಾರು ಐವತ್ತು ವರ್ಷದ, ನರೆತ ತಲೆಯ, ಇಸ್ತ್ರಿ ಮಾಡಿದ ಅಂಗಿಯ ಒಬ್ಬರು ಒಳಗೆ ಬಂದರು. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಕೆಲಸ ಯಾವುದು ಎಂದು ವಿಚಾರಿಸಿದರು. ನಲವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ತಲೆಗೆ ಡೈ, ಏಳು ಹಾಡು ಹಿಡಿಯುತ್ತದೆ ಎಂದರು ಮಾವ. ಏಳು ಹಾಡು ಎಂದ ಕೂಡಲೇ ಆ ಮನುಷ್ಯರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಸ್ವಂತ ಇಚ್ಛೆಯಿಂದ, ಸ್ವಂತ ಕಾಲಿನ ಮೇಲೆ ನಡೆದು ಕುರ್ಚಿಯಲ್ಲಿ ಕೂತರು. ಕೊರಳಿಗೆ ಕಟ್ಟಿದ್ದು ಕ್ಷೌರದ ಬಟ್ಟೆ, ಹಗ್ಗವಲ್ಲ. ಅಧಿಕಾರಿ ಎಂದು ಅವರು ತಿಳಿಸಿರಲಿಲ್ಲ. ತಿಳಿಸಿದ್ದರೆ ಬೆಂಚಿನಲ್ಲಿ ಮೊದಲು ಬಂದಿದ್ದ ನಾವು ಅವರಿಗೆ ಜಾಗ ಬಿಡುತ್ತಿರಲಿಲ್ಲ. ಡೈ ನೆನೆಯುವಷ್ಟರಲ್ಲಿ ನಿಮ್ಮ ಗಡ್ಡ ಮುಗಿಸುತ್ತೇನೆ ಎಂದು ಮಾವ ಒಪ್ಪಿಸಿದ್ದರಿಂದ ಬಿಟ್ಟೆವು.

ಮಾವ ಬಟ್ಟಲಿನಲ್ಲಿ ಡೈ ಕಲಸಿ ಹಚ್ಚಿದರು. 11 ಗಂಟೆ 02 ನಿಮಿಷಕ್ಕೆ ಹಚ್ಚಿ ಮುಗಿಸಿ, ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿಸಿ, ಗುಂಡಿ ಒತ್ತಿದರು. ಕೊಳಲಿನ ಹಾಡು ಶುರುವಾಯಿತು. ಆಮೇಲೆ ಬಟ್ಟಲು, ಬ್ರಷ್ಷು ತೊಳೆದು, ಚಹಾ ಕುಡಿದು, ಐದನೆಯ ಹಾಡಿಗೆ ಬೆಂಚಿಗೆ ಬಂದು ಡ್ರೈವರ್ ಅವರ ಕೆನ್ನೆಗೆ ಸೋಪು ಹಚ್ಚಿದರು. ಕುರ್ಚಿಯಲ್ಲಿದ್ದವರ ಬಟ್ಟೆಯ ಕೆಳಗೆ ಏನೋ ಓಡಾಡುತ್ತಿರುವುದನ್ನು ನಾನು ಗಮನಿಸಿದೆ. ಇಲಿ ಇರಬೇಕು ಎಂದುಕೊಂಡೆ. ಇಲಿಯಲ್ಲ, ಅವರು ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು ಎಂಬುದು ನಂತರ ತಿಳಿಯಿತು.

11 ಗಂಟೆ 26 ನಿಮಿಷಕ್ಕೆ, ಆರನೆಯ ಹಾಡಿನ ಎರಡನೆಯ ಚರಣದಲ್ಲಿ, ಅವರು ಬಟ್ಟೆಯೊಳಗಿಂದ ಕೈ ಹೊರತೆಗೆದು ಗುರುತಿನ ಚೀಟಿ ತೋರಿಸಿದರು. ತಾವು ಹಾಡಿನ ಹಕ್ಕುಗಳ ಕಚೇರಿಯಿಂದ ಬಂದ ಪರವಾನಗಿ ತಪಾಸಣೆಯವರು ಎಂದರು. ಪುಸ್ತಕದ ಹಾಳೆಯಲ್ಲಿ ಹಾಡುಗಳನ್ನು ಬರೆಯಲು ಆರೇ ಸಾಲು ಇದ್ದದ್ದರಿಂದ ಆರನೆಯ ಹಾಡಿನವರೆಗೆ ಕಾದಿದ್ದರಂತೆ. ಮನೆಯಲ್ಲಿ ಕೇಳಲು ಕೊಂಡ ಕ್ಯಾಸೆಟ್ಟನ್ನು ನಾಲ್ಕು ಜನ ಬಂದು ಹೋಗುವ ಅಂಗಡಿಯಲ್ಲಿ ಹಾಕಬೇಕಾದರೆ ಬೇರೆ ಪರವಾನಗಿ ಬೇಕು, ಅದು ಹೋಟೆಲಿಗೂ ಬಟ್ಟೆ ಅಂಗಡಿಗೂ ಕಾಯುವ ಕೋಣೆ ಇರುವ ದಂತವೈದ್ಯರಿಗೂ ಅನ್ವಯಿಸುತ್ತದೆ, ಕ್ಷೌರದಂಗಡಿಯೇನು ಆಕಾಶದಿಂದ ಇಳಿದದ್ದಲ್ಲ ಎಂದು ವಿವರಿಸಿದರು. ಪರವಾನಗಿ ಇದೆಯೇ ಎಂದು ಕೇಳಿದರು. ಕತ್ತರಿ ಇದೆ ಎಂದರು ಮಾವ.

ಹಾಗಾದರೆ ಟೇಪು ನಿಲ್ಲಿಸಬೇಕು ಎಂದು ಸದರಿ ಪರವಾನಗಿಯವರು ಹೇಳಿ, ಎದ್ದುಹೋಗಿ ತಾವೇ ಗುಂಡಿ ಒತ್ತಿ ಬಂದು ಕೂತರು. ಕಾಲ ನಿಂತದ್ದು ಇದೇ ಕ್ಷಣದಲ್ಲಿ.

ಮಾವ ರೇಜರು ಹಿಡಿದ ಕೈಯನ್ನು ಡ್ರೈವರ್ ಅವರ ಗಲ್ಲದಿಂದ ಮೇಲೆತ್ತಿ ಹಾಗೆಯೇ ನಿಂತುಬಿಟ್ಟರು. ಅಂಥ ಮೌನ ಆ ಅಂಗಡಿಯಲ್ಲಿ ನಾನು ಕೇಳಿದ್ದೇ ಇಲ್ಲ. ನಲ್ಲಿ ತೊಟ್ಟಿಕ್ಕುವುದು ಆಗಲೇ ಗೊತ್ತಾಗಿದ್ದು. ಡೈ ತೊಳೆಯುವ ಹೊತ್ತು ಗೊತ್ತಾಗಲು ಇನ್ನು ಒಂದೂವರೆ ಹಾಡು ಬೇಕು ಸಾರ್ ಎಂದು ಮಾವ ಮೆಲ್ಲಗೆ ಹೇಳಿದರು. ಗೊತ್ತಿದ್ದೂ ಗೊತ್ತಿದ್ದೂ ಹಾಕಲು ಬಿಡುವುದು ತಮ್ಮ ಕೆಲಸಕ್ಕೆ ಬಗೆದ ದ್ರೋಹವಾಗುತ್ತದೆ ಎಂದರು ಪರವಾನಗಿಯವರು. ಗಡಿಯಾರ ನೋಡಿಕೊಳ್ಳಿ ಎಂದೂ ಹೇಳಿದರು. ಎಲ್ಲರೂ ಮೊಳೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ನಾನು ಕೈಗಡಿಯಾರ ಮುಂದೆ ಮಾಡಿದೆ. ಆದರೆ ಏಳು ಹಾಡಿಗೆ ಎಷ್ಟು ನಿಮಿಷ ಎಂಬುದನ್ನು ನಲವತ್ತು ವರ್ಷದಲ್ಲಿ ಯಾರೂ ಅಳೆದಿರಲಿಲ್ಲ. ಅಷ್ಟರಲ್ಲಿ ಪರವಾನಗಿಯವರ ನೆತ್ತಿ ಉರಿಯತೊಡಗಿತ್ತು. ಬಣ್ಣ ಹಿಡಿದಿದೆಯೋ ಇಲ್ಲವೋ ಕೂದಲು ಬಿಡಿಸಿ ನೋಡಬಾರದೇ ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಯಾವ ಕ್ಷೌರದವನಾದರೂ ಮಾಡುವುದು ಅದನ್ನೇ. ಮಾವ ಮಾತ್ರ ನೋಡಲಿಲ್ಲ. ನೋಡೋದೇನಿದೆ, ಹಾಡು ಮುಗಿಯಬೇಕು ಎಂದರು. ಇದನ್ನು ಹಟ ಎಂದು ನಾನು ಆಗ ತಿಳಿದೆ.

ಆಗ ಡ್ರೈವರ್, ಅರ್ಧ ಮುಖದ ಸೋಪಿನೊಂದಿಗೆ, ನಿಂತಲ್ಲಿಂದ ಹಾಡನ್ನು ಗುನುಗಲು ಶುರುಮಾಡಿದರು. ಅವರು ಶಾಲೆಯ ಗಂಟೆಗೆ ಓಡಿಸುವವರು. ಚರಣವನ್ನು ಹತ್ತು ಸೆಕೆಂಡಿನಲ್ಲಿ ದಾಟಿಸಿದರು. ಹೀಗಾದರೆ ತಲೆ ಅರ್ಧ ಬಿಳಿ ಉಳಿಯುತ್ತದೆ ಎಂದುಕೊಂಡು ಅದೇ ಚರಣವನ್ನು ನಾನು ಹಾಡಿದೆ. ನನ್ನ ಹಾಡು ನನ್ನ ರಿಪೇರಿಯಂತೆಯೇ ಸಾಗಿತು. ಈ ಲೆಕ್ಕದಲ್ಲಿ ಬಣ್ಣದ ಜೊತೆ ಕೂದಲೂ ನಾಳೆ ಸಿಗುತ್ತದೆ ಎಂದು ಡ್ರೈವರ್ ಹಂಗಿಸಿದರು. ನಮ್ಮಿಬ್ಬರ ಜಗಳ ಎರಡು ನಿಮಿಷ ನಡೆಯಿತು.

11 ಗಂಟೆ 33 ನಿಮಿಷಕ್ಕೆ ಪರವಾನಗಿಯವರಿಗೆ ತಡೆಯಲಾಗಲಿಲ್ಲ. ಹತ್ತೊಂಬತ್ತು ವರ್ಷದಿಂದ ದಿನವೂ ಅಂಗಡಿ ಅಂಗಡಿಗಳಲ್ಲಿ ಹಾಡು ಕೇಳುವುದೇ ಕೆಲಸವಾದವರು ಅವರು. ಒಂದು ಒಳ್ಳೆಯ ಹಾಡನ್ನು ಇಬ್ಬರು ಸೇರಿ ಕೊಲ್ಲುವುದನ್ನು ನೋಡುತ್ತಾ ಕೂರಲು ಯಾವ ಕಾನೂನೂ ಹೇಳಿಲ್ಲ ಎಂದರು. ತಾವು ಹಾಡುವುದು ಸಾರ್ವಜನಿಕ ಪ್ರದರ್ಶನವಲ್ಲ, ಹೊತ್ತು ಅಳೆಯುವ ಕ್ರಮ ಮಾತ್ರ ಎಂದು ನಮ್ಮಿಬ್ಬರನ್ನೂ ಸಾಕ್ಷಿ ಮಾಡಿಕೊಂಡರು. ಅನಂತರ ಕಣ್ಣು ಮುಚ್ಚಿ, ಎರಡನೆಯ ಚರಣದಿಂದ ಎತ್ತಿಕೊಂಡು, ನಡುವಿನ ವಾದ್ಯಗಳನ್ನೂ ಬಾಯಲ್ಲೇ ನುಡಿಸುತ್ತಾ, ಆರನೆಯದನ್ನು ಮುಗಿಸಿ ಏಳನೆಯದನ್ನು ಪೂರ್ತಿ ಹಾಡಿದರು. ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾವು ತೊಡೆಯ ಮೇಲೆ ತಾಳ ಹಾಕಿದೆವು. ಏಳನೆಯದು ಅಳುವ ಹಾಡು. ಅವರ ಕಣ್ಣಲ್ಲಿ ನೀರು ಬಂದದ್ದು ಅರ್ಧ ಡೈಯಿಂದ, ಅರ್ಧ ಹಾಡಿನಿಂದ. ಹೆಚ್ಚು ಯಾವುದರಿಂದ ಎಂದು ಅವರನ್ನೇ ಕೇಳುವುದು ಒಳ್ಳೆಯದು.

ಎದುರು ಮಹಡಿಯ ಅಮ್ಮ ಕಿಟಕಿಯಿಂದ ಕಂಡದ್ದು ಈ ದೃಶ್ಯವನ್ನೇ. ಕೊರಳಿಗೆ ಬಟ್ಟೆ ಕಟ್ಟಿ ಕೂರಿಸಿದ ಮನುಷ್ಯ, ತಲೆಯಿಂದ ಕಪ್ಪಗೆ ಇಳಿಯುತ್ತಿರುವುದು, ಕಣ್ಣೀರು, ಹಾಡು, ಪಕ್ಕದಲ್ಲಿ ರೇಜರು ಹಿಡಿದು ನಿಂತ ಒಬ್ಬರು, ತಾಳ ಹಾಕುತ್ತಿರುವ ಇಬ್ಬರು. 11 ಗಂಟೆ 36ಕ್ಕೆ ಠಾಣೆಗೆ ಫೋನು ಮಾಡಿದರು. ಅವರ ಜಾಗದಲ್ಲಿ ನಾನಿದ್ದರೂ ಮಾಡುತ್ತಿದ್ದೆ. ಬೇರೆಯವರ ಕಷ್ಟ ಕಂಡು ಕಿಟಕಿ ಮುಚ್ಚಿಕೊಳ್ಳದ ಆ ಅಮ್ಮನ ಹೊಟ್ಟೆ ತಣ್ಣಗಿರಲಿ ಎಂದು ಇಲ್ಲಿ ದಾಖಲಿಸಲು ಕೋರುತ್ತೇನೆ.

11 ಗಂಟೆ 40ಕ್ಕೆ ಹಾಡು ಮುಗಿಯಿತು. ಮಾವ ಪರವಾನಗಿಯವರನ್ನು ನಾಲ್ಕು ಹೆಜ್ಜೆ ದೂರದ ತೊಟ್ಟಿಗೆ ಕರೆದುಕೊಂಡು ಹೋಗಿ ತೊಳೆದು, ಒರೆಸಿ, ಮತ್ತೆ ಕೂರಿಸಿದರು. ಕನ್ನಡಿಯಲ್ಲಿ ನಾವೆಲ್ಲ ನೋಡಿದೆವು. ಕೂದಲು ಕಾಗೆಯ ರೆಕ್ಕೆಯಂತೆ ಮಿಂಚುತ್ತಿತ್ತು. ಎಡ ಕಿವಿಯೂ ಮಿಂಚುತ್ತಿತ್ತು. ಬಲ ಕಿವಿಯ ಮೇಲೆ ಮಾತ್ರ, ಒಂದು ಅಂಚೆ ಕಾರ್ಡಿನಷ್ಟು ಜಾಗದಲ್ಲಿ, ಕೂದಲು ಬಂದಾಗ ಹೇಗಿತ್ತೋ ಹಾಗೆಯೇ ಬೆಳ್ಳಗಿತ್ತು. ಅಲ್ಲಿಗೆ ಬ್ರಷ್ಷು ಹೋಗಿಯೇ ಇರಲಿಲ್ಲ. ಡ್ರೈವರ್ ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.

ಮಾವ ದಿನವೂ ಮಾಡುವಂತೆ ಕೈಗನ್ನಡಿ ತೆಗೆದುಕೊಂಡು ಗಿರಾಕಿಯ ತಲೆಯ ಹಿಂದೆ ಹಿಡಿದರು. ಹೇಗಿದೆ ಸಾರ್ ಎಂದು ಕೇಳಿದರು. ಕನ್ನಡಿ ತಿರುಗುಮುರುಗಾಗಿತ್ತು. ಮರದ ಬೆನ್ನು ಗಿರಾಕಿಯ ಕಡೆಗಿತ್ತು.

ಪರವಾನಗಿಯವರು ಕೈ ಹಿಂದಕ್ಕೆ ಚಾಚಿ, ಮಾವನ ಕೈಯನ್ನು ಬಿಡಿಸದೆಯೇ, ಕನ್ನಡಿಯನ್ನು ಮೆಲ್ಲಗೆ ಸರಿಯಾಗಿ ತಿರುಗಿಸಿದರು. ಬಂದಾಗಿನಿಂದ ಅವರು ಮಾವನನ್ನು ಅಂಗಡಿ ಮಾಲೀಕರೇ ಎಂದು ಕರೆಯುತ್ತಿದ್ದರು. ಆಗ ಹೇಳಿದ್ದು ಬೇರೆ.

"ಚೆನ್ನಾಗಿದೆ, ಮಾವ."

ಮಾವನಿಗೆ ಗೊತ್ತಾಯಿತು. ಕನ್ನಡಿ ತಿರುಗಿದ್ದು ಅವರ ಬೆರಳಿಗೆ ತಿಳಿಯಿತಲ್ಲ. ಎಷ್ಟು ದಿನದಿಂದ ಎಂದು ಪರವಾನಗಿಯವರು ಕೇಳಿದರು. ಎರಡು ವರ್ಷ ಆಯಿತು, ಮೊದಲು ಮಂಜು ಮಂಜು, ಈಗ ಹಾಲಿನಲ್ಲಿ ಅದ್ದಿದಂತೆ ಎಂದರು ಮಾವ. ಗೊತ್ತಾದರೆ ಕುರ್ಚಿ ಬಿಡಿಸುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲವಂತೆ. ಬಾಚಣಿಗೆ ಎಡಕ್ಕೆ, ರೇಜರು ಮೂರನೆಯದು, ಯಾವುದನ್ನೂ ಒಂದಿಂಚು ಜರುಗಿಸಿದರೆ ಅವರು ರೇಗುತ್ತಿದ್ದುದು ಇದಕ್ಕೆ. ಗಡ್ಡವನ್ನು ಬೆರಳು ಮುಂದಿಟ್ಟು ತಡವಿ ಮಾಡುತ್ತಿದ್ದರು. ಎರಡು ವರ್ಷದಲ್ಲಿ ಯಾರಿಗೂ ಒಂದು ಗೀರೂ ಬಿದ್ದಿಲ್ಲ ಎಂಬುದಕ್ಕೆ ನನ್ನ ಮುಖವೇ ಸಾಕ್ಷಿ. ಎಷ್ಟು ಹೊತ್ತಾಯಿತು, ಎಲ್ಲಿದ್ದೇನೆ ಎಂಬುದನ್ನು ಹಾಡು ಹೇಳುತ್ತಿತ್ತು. ಮಾವ ಇಷ್ಟೇ ಹೇಳಿದರು:

"ಹಾಡು ಇರೋತನಕ ಏನೂ ತೊಂದ್ರೆ ಇರ್ಲಿಲ್ಲ ಸಾರ್."

ಮಗಳು ಚೀಲ ಹಿಡಿದು ಬಾಗಿಲಿಗೆ ಬಂದು ನಿಂತದ್ದನ್ನು ನಾವು ಯಾರೂ ಗಮನಿಸಿರಲಿಲ್ಲ. ಸಮಯ 11 ಗಂಟೆ 49. ಅವಳು ಕೂಗಾಡಲಿಲ್ಲ. ಚೀಲ ಕೆಳಗಿಟ್ಟು, ತನ್ನ ಮುಖ ಕಾಣುತ್ತದೆಯೇ ಎಂದು ಅಪ್ಪನನ್ನು ಕೇಳಿದಳು.

"ನೀನು ಬಾಗಿಲಲ್ಲಿ ನಿಂತ್ರೆ ಬೆಳಕು ಕಮ್ಮಿ ಆಗುತ್ತೆ ಕಣಮ್ಮ. ಅಷ್ಟು ಗೊತ್ತಾಗುತ್ತೆ."

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಏಳು ತಿಂಗಳ ಹಿಂದೆ ಮಾವ ತಮ್ಮ ಕೈಗಡಿಯಾರ ತಂದುಕೊಟ್ಟು, ಲೋ ನಾಳೆ, ಇದಕ್ಕೆ ದೊಡ್ಡ ಮುಳ್ಳು ಹಾಕಿಕೊಡು ಎಂದಿದ್ದರು. ಎಷ್ಟು ದೊಡ್ಡದು, ಬೀದಿಯಿಂದ ಕಾಣುವಷ್ಟೇ ಎಂದು ನಾನು ನಗಾಡಿದ್ದೆ. ಅವರೂ ನಕ್ಕಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ಸ್ಕ್ರೂ ಹುಡುಕುವವನು ನಾನು. ಎದುರಿಗಿದ್ದ ಮನುಷ್ಯ ಏನು ಕೇಳುತ್ತಿದ್ದಾನೆ ಎಂಬುದು ನನಗೆ ಕಾಣಲಿಲ್ಲ. ಕೈಗಡಿಯಾರ ನನ್ನ ಮೇಜಿನ ಎರಡನೆಯ ಡ್ರಾಯರಿನಲ್ಲಿ ಇತ್ತು. ಇದು ಅಪರಾಧವಾದರೆ ಯಾವ ಕಲಂ ಎಂದು ಬರಹಗಾರರನ್ನು ಕೇಳಿದೆ. ಮುಂದೆ ಹೇಳಿ ಎಂದರು.

11 ಗಂಟೆ 52ಕ್ಕೆ ಠಾಣೆಯ ಜೀಪು ಬಂದು ಅಂಗಡಿಯ ಬಾಗಿಲಿಗೆ ಸರಿಯಾಗಿ ನಿಂತಿತು. ಇಬ್ಬರು ಪೇದೆಗಳು ಲಾಠಿ ಹಿಡಿದು ಒಳಗೆ ಬಂದರು. ಕಟ್ಟಿಹಾಕಿದ ಮನುಷ್ಯ ಯಾರು ಎಂದರು. ಒಂದು ಕಿವಿ ಕಪ್ಪಗಿದ್ದ ಪರವಾನಗಿಯವರು ಎದ್ದು ನಿಂತು, ತಮ್ಮನ್ನು ಯಾರೂ ಕಟ್ಟಿಹಾಕಿಲ್ಲ, ಅಲ್ಲದೆ ಮಾವ ಕಣ್ಣಿನ ಆಸ್ಪತ್ರೆಗೆ ಹೋಗಬೇಕಾಗಿರುವುದರಿಂದ ಲಾಠಿ ಬದಲು ಜೀಪು ಉಪಯೋಗಕ್ಕೆ ಬರುತ್ತದೆ ಎಂದರು. ಪೇದೆಗಳು ಸಂತೋಷದಿಂದ ಒಪ್ಪಿದರು. ಜೀಪು ಒಪ್ಪಲಿಲ್ಲ. ಹನ್ನೆರಡು ಸಲ ಕೀ ತಿರುಗಿಸಿದರೂ ಕೆಮ್ಮಿ ಸುಮ್ಮನಾಯಿತು. ಕಡೆಗೆ ಡ್ರೈವರ್ ಅವರು, ಇನ್ನೂ ಅರ್ಧ ಗಡ್ಡದಲ್ಲಿ, ಮಾವನನ್ನೂ ಮಗಳನ್ನೂ ಶಾಲಾ ವ್ಯಾನಿನಲ್ಲಿ ಕರೆದುಕೊಂಡು ಹೋದರು. ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆಯಬಹುದು, ಇನ್ನೂ ತಡಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದಿದ್ದಾರೆ. ಮೊದಲ ಕಣ್ಣಿಗೆ ಬರುವ ಬುಧವಾರ ಬೆಳಿಗ್ಗೆ ಹತ್ತಕ್ಕೆ ಆಪರೇಷನ್.

ಪರವಾನಗಿಯವರು ಕಾನೂನನ್ನು ಬಿಟ್ಟುಕೊಡಲಿಲ್ಲ ಎಂಬುದನ್ನೂ ತಿಳಿಸಬೇಕು. ಆರು ಸಾಲೂ ತುಂಬಿದ ಹಾಳೆಯನ್ನು ಹರಿಯಲಿಲ್ಲ, ನೋಟಿಸು ಕೊಟ್ಟರು. ಆದರೆ ಮರುದಿನ ರಜೆ ಹಾಕಿ, ಟೋಪಿ ಧರಿಸಿ, ಅರ್ಜಿಯ ನಮೂನೆಯೊಂದಿಗೆ ತಾವೇ ಬಂದರು. ಎರಡೇ ಕುರ್ಚಿಯ ಅಂಗಡಿ ಎಲ್ಲಕ್ಕಿಂತ ಸಣ್ಣ ದರ್ಜೆಗೆ ಬರುತ್ತದೆ ಎಂದು ತೋರಿಸಿಕೊಟ್ಟು, ನಲವತ್ತು ನಿಮಿಷ ಕೂತು ತುಂಬಿಸಿದರು. ಸಂಗೀತವನ್ನು ಯಾವ ಉದ್ದೇಶಕ್ಕೆ ಬಳಸಲಾಗುತ್ತದೆ ಎಂಬ ಖಾನೆಯಲ್ಲಿ ಮನರಂಜನೆ, ಜಾಹೀರಾತು, ನೃತ್ಯ, ಇತರೆ ಎಂದಿತ್ತು. ಅವರು ಸ್ವಲ್ಪ ಯೋಚಿಸಿ ಇತರೆ ಎಂಬಲ್ಲಿ ಗುರುತು ಹಾಕಿ, ಮುಂದೆ ಗಡಿಯಾರ ಎಂದು ಬರೆದರು. ಶುಲ್ಕ ಯಾರಿಗೆ ಹೋಗುತ್ತದೆ ಎಂದು ಮಾವ ಕೇಳಿದರು. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ, ಹಾಡಿದವರಿಗೆ, ಅವರಿಲ್ಲದಿದ್ದರೆ ಅವರ ಮನೆಯವರಿಗೆ ಎಂದು ತಿಳಿದ ಮೇಲೆ ಮಾವ ಮರುಮಾತಿಲ್ಲದೆ ಹೆಬ್ಬೆರಳು ಚಾಚಿದರು.

"ನಲವತ್ತು ವರ್ಷ ನನ್ ಜೊತೆ ಬಿಟ್ಟಿ ಕೆಲಸ ಮಾಡಿದ್ದಾರೆ, ಪಾಪ. ಒಂದು ಲೋಟ ಚಹಾನೂ ಕೊಟ್ಟಿಲ್ಲ ನಾನು."

ಈಗ ಮಗಳು ರೇಜರು ಹಿಡಿದಿದ್ದಾಳೆ. ಮಾವ ತಲೆ ತೊಳೆಯುತ್ತಾರೆ ಮತ್ತು ಪರವಾನಗಿ ಸಹಿತ ಟೇಪು ಹಾಕುತ್ತಾರೆ. ಗೋಡೆ ಗಡಿಯಾರವನ್ನು ನಾನು ಸೋಮವಾರ ಸಂಜೆಯೇ ಬಿಚ್ಚಿದೆ. ಒಂಬತ್ತು ವರ್ಷ ನಿಂತಿದ್ದ ಕೆಲಸಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ, ಮಾವನ ಲೆಕ್ಕದಲ್ಲಿ ನಾಲ್ಕೂವರೆ ಹಾಡು. ಕೈಗಡಿಯಾರಕ್ಕೆ ದೊಡ್ಡ ಮುಳ್ಳೂ ಹಾಕಿದ್ದೇನೆ. ಅದನ್ನು ಬುಧವಾರ ಮಧ್ಯಾಹ್ನ ಕೊಡುತ್ತೇನೆ. ಇದೊಂದು ವಿಷಯದಲ್ಲಿ ನಾಳೆ ಎನ್ನುವುದಿಲ್ಲ ಎಂದು ಠಾಣೆಯ ಎದುರು ಬರೆದುಕೊಡುತ್ತಿದ್ದೇನೆ.

ಆದ್ದರಿಂದ ಮಾವನ ಮೇಲಿನ ದೂರನ್ನು ಕೈಬಿಡಬೇಕಾಗಿ ಕೋರುತ್ತೇನೆ. ಈ ಪ್ರಕರಣದಲ್ಲಿ ನಮಗೆ ಯಾರ ಮೇಲೂ ದೂರಿಲ್ಲ. ಹಾಡಿಗೂ ಪರವಾನಗಿ ಬೇಕೆಂಬ ಕಾನೂನು ಮಾಡಿದವರು ಯಾರೆಂದು ನಮಗೆ ಗೊತ್ತಿಲ್ಲ. ಅವರು ಮಾಡದೆ ಹೋಗಿದ್ದರೆ ಟೇಪು ನಿಲ್ಲುತ್ತಿರಲಿಲ್ಲ, ನಿಲ್ಲದೆ ಹೋಗಿದ್ದರೆ ನಾವು ಇನ್ನೂ ಬೆಂಚಿನಲ್ಲಿ ಕೂತು ಪೇಪರು ಓದುತ್ತಿದ್ದೆವು. ಅವರಿಗೂ, ಕಪ್ಪು ಕಿವಿಯ ಸಾಹೇಬರಿಗೂ ನಮ್ಮ ಬೀದಿ ಋಣಿಯಾಗಿದೆ.

ಮೇಲೆ ಹೇಳಿದ್ದನ್ನು ಬರಹಗಾರರು ಓದಿ ಹೇಳಿದರು, ನಾನು ಕೇಳಿದೆ. ನನಗೆ ಗೊತ್ತಿದ್ದಷ್ಟರ ಮಟ್ಟಿಗೆ ಎಲ್ಲವೂ ನಿಜ. ಇಲಿಯ ವಿಷಯ ಮಾತ್ರ ತಪ್ಪು ತಿಳಿವಳಿಕೆ ಎಂದು ಅಲ್ಲಿಯೇ ತಿದ್ದಿದ್ದೇನೆ.

ಸ್ಥಳ: ಠಾಣೆ, ಬರಹಗಾರರ ಮೇಜು
ದಿನ: ಶುಕ್ರವಾರ, ಸಂಜೆ 4 ಗಂಟೆ 40 ನಿಮಿಷ
ಸಹಿ: (ನಾಳೆಯಣ್ಣ)

ಸಹಿಯಾದ ಮೇಲೆ ಸೇರಿಸಿದ್ದು: ತಮ್ಮ ಜೀಪು ಸೋಮವಾರದಿಂದ ಅಂಗಡಿಯ ಬಾಗಿಲಲ್ಲೇ ನಿಂತಿದೆ. ಮಾವ ತಮ್ಮ ಕುರ್ಚಿಯಿಂದ ರಸ್ತೆಯವರೆಗೆ ಹನ್ನೊಂದು ಹೆಜ್ಜೆ ಎಣಿಸಿ ನಡೆಯುವವರು. ಜೀಪು ಇರುವುದು ಎಂಟನೆಯ ಹೆಜ್ಜೆಯಲ್ಲಿ. ಈಗಾಗಲೇ ಎರಡು ಸಲ ಮೊಣಕಾಲು ತಗುಲಿದೆ. ಬುಧವಾರ ಯಾರೂ ಕೈ ಹಿಡಿಯಬಾರದು, ತಾನೇ ನಡೆದು ಹೋಗಿ ವ್ಯಾನು ಹತ್ತುತ್ತೇನೆ ಎಂದಿದ್ದಾರೆ. ದಯವಿಟ್ಟು ಅಂದು ಬೆಳಿಗ್ಗೆ ಒಂಬತ್ತೂವರೆಯೊಳಗೆ ಜೀಪನ್ನು ಒಂದು ಆರು ಅಡಿ ಹಿಂದಕ್ಕೆ ತಳ್ಳಿಸಿಕೊಡಿ. ತಳ್ಳಲು ಡ್ರೈವರ್ ಬರುತ್ತಾರೆ, ನಾನೂ ಬರುತ್ತೇನೆ. ಇನ್ನಿಬ್ಬರು ಸಾಕು.